ಗೃಹ ಕೈಗಾರಿಕೆ: ಬೆತ್ತಕ್ಕೊಂದು ಲೆಕ್ಕ, ಬುಟ್ಟಿಗೊಂದು ಲೆಕ್ಕ

ಸಾರಥಿಯಿಂದ ಹರಿಹರಕ್ಕೋ ದಾವಣಗೆರೆಗೋ ಪೇಟೆಗೆ ಹೋದ ಗೃಹಸ್ಥರು ಮೊರವೊಂದನ್ನು ಕೊಳ್ಳುವಾಗ ಹೆಣಿಗೆ ಬಿಗಿಯಾಗಿದೆಯೇ ಎಂದು ನೋಡುವರಲ್ಲದೆ ಅದು ಯಾವ ವರ್ಗದ ಸರಕೆಂದು ವಿಚಾರಿಸುವುದಿಲ್ಲ. ಅದೇ ಮೊರವು ಹಡಗನ್ನೇರಿ ಪರದೇಶಕ್ಕೆ ಹೊರಟರೆ ಮೊದಲು ಕೇಳಲ್ಪಡುವ ಪ್ರಶ್ನೆಯೇ ಅದು. ಉತ್ತರ ತಪ್ಪಿದರೆ ಸುಂಕ ಹೆಚ್ಚಬಹುದು, ಸರಕು ಬಂದರಿನಲ್ಲಿ ತಡೆಹಿಡಿಯಲ್ಪಡಬಹುದು; ಆ ನಷ್ಟದ ಪಾಲು ಹೆಣೆದವನ ಕೂಲಿಗೂ ತಟ್ಟದೆ ಇರದು.

ಇದಕ್ಕಾಗಿ ರಾಷ್ಟ್ರಗಳು ಒಪ್ಪಿಕೊಂಡಿರುವ ಪಟ್ಟಿಯೊಂದುಂಟು. ‘ಹಾರ್ಮೊನೈಸ್ಡ್ ಸಿಸ್ಟಮ್’ ಎಂಬ ಹೆಸರಿನ ಅದು 1988ನೆಯ ಇಸವಿ ಜನವರಿ 1ರಿಂದ ಜಾರಿಯಲ್ಲಿದೆ. ಹೆಣೆಯಲು ಬರುವ ಸಸ್ಯದ್ರವ್ಯಗಳಿಗೆ ಅದರಲ್ಲಿ 14ನೆಯ ಅಧ್ಯಾಯ: ಬಿದಿರಿಗೆ 1401.10, ಬೆತ್ತಕ್ಕೆ 1401.20, ಜೊಂಡು ಮೊದಲಾದ ಉಳಿದವುಗಳಿಗೆ 1401.90. ಬಿದಿರು ಹುಲ್ಲಿನ ಕುಲದ್ದು, ಒಳಗೆ ಪೊಳ್ಳು. ಬೆತ್ತವೋ ತಾಳೆಯ ಕುಲದ ಬಳ್ಳಿ, ಒಳಗೆಲ್ಲ ಗಟ್ಟಿ. ತುಂಡರಿಸಿ ನೋಡಿದರೆ ಮಕ್ಕಳೂ ಗುರುತಿಸಬಲ್ಲರು.

ಬಿದಿರನ್ನು ಸೀಳಿದರೂ, ನಯಗೊಳಿಸಿದರೂ, ಬಣ್ಣವಿಟ್ಟರೂ ಅದು ಈ ಅಧ್ಯಾಯವನ್ನು ಬಿಡುವುದಿಲ್ಲ. ಹೆಣೆದೊಡನೆ ಮಾತ್ರ 46ನೆಯ ಅಧ್ಯಾಯಕ್ಕೆ ಹೋಗುವುದು. ಚಾಪೆಗೆ 4601, ಬುಟ್ಟಿಗೆ 4602. ಕುರ್ಚಿಯಾದರೆ 94, ಟೋಪಿಯಾದರೆ 65, ಪೊರಕೆಯಾದರೆ 96. ಮಲೆನಾಡಿನವರ ಪ್ರಿಯವಾದ ಕಳಲೆಯನ್ನು ಹದಮಾಡಿ ಡಬ್ಬಿಯಲ್ಲಿ ತುಂಬಿದರೆ, ಅದೇ ಬಿದಿರು 20ನೆಯ ಅಧ್ಯಾಯದ ಅಡಿಗೆಮನೆಯನ್ನು ಹೊಗುವುದು!

2007ರ ಪರಿಷ್ಕರಣಕ್ಕೆ ಮೊದಲು ಬಿದಿರಿನ ಬುಟ್ಟಿಗೂ ಬೆತ್ತದ ಬುಟ್ಟಿಗೂ ಈ ಪಟ್ಟಿಯಲ್ಲಿ ಒಂದೇ ಅಂಕಿ. ಯಾವುದು ಎಷ್ಟು ಮಾರಾಟವಾಯಿತೆಂದು ಲೋಕದ ಲೆಕ್ಕದಿಂದ ತಿಳಿಯುವಂತಿರಲಿಲ್ಲ. ಲೆಕ್ಕಕ್ಕೆ ಸಿಕ್ಕದ ಕಸಬಿನ ಕಡೆಗೆ ಯಾವ ಸರಕಾರ ತಾನೇ ಕಣ್ಣು ಹಾಯಿಸೀತು? ಈಗ 4602.11 ಬಿದಿರಿನದು, 4602.12 ಬೆತ್ತದ್ದು.

ಕಚ್ಚಾ ಸರಕು, ಸಿದ್ಧವಸ್ತು ಎಂಬ ಭೇದವು ಬರಿಯ ಕಾಗದದ ಮಾತಲ್ಲ. ಬೆತ್ತದ ಬೀಡಾದ ಇಂಡೊನೇಷಿಯವು 2012ರ ಆರಂಭದಿಂದ ಕಚ್ಚಾ ಬೆತ್ತದ ರಫ್ತನ್ನೇ ನಿಷೇಧಿಸಿ, ತನ್ನಲ್ಲಿಯೇ ಹೆಣೆದ ಪೀಠೋಪಕರಣಗಳನ್ನು ಹೊರಕ್ಕೆ ಕಳುಹಿಸಲು ಹೊರಟಿತು. ನಮ್ಮಲ್ಲಾದರೋ ತೊಡಕು ಬೇರೆ ಬಗೆಯದು. ಹುಲ್ಲಾದ ಬಿದಿರನ್ನು 1927ರ ಭಾರತೀಯ ಅರಣ್ಯ ಶಾಸನವು ‘ಮರ’ವೆಂದು ಕರೆದಿತ್ತು. 2017ರ ತಿದ್ದುಪಡಿಯು ಬಿದಿರನ್ನು ಆ ವ್ಯಾಖ್ಯೆಯಿಂದ ತೆಗೆಯಿತು, ಬೆತ್ತವನ್ನು ತೆಗೆಯಲಿಲ್ಲ. ಬಳ್ಳಿಯನ್ನು ಮರವೆನ್ನುವುದು ಯಾವ ನ್ಯಾಯವೋ!

ನಮ್ಮ ಮೇದಾರ ಬಂಧುಗಳಿಗಾಗಿ ಇನ್ನೊಂದು ಮಾತು. ಬಿದಿರಿನ ಬುಟ್ಟಿಗೆ ಬೆತ್ತದ ಅಂಚು ಕಟ್ಟಿದ್ದರೆ, ವಸ್ತುವಿಗೆ ಮುಖ್ಯ ಲಕ್ಷಣವನ್ನು ಕೊಟ್ಟ ದ್ರವ್ಯ ಯಾವುದೋ ಅದರ ಅಂಕಿಯೇ ಸಲ್ಲುವುದು. ಆದುದರಿಂದ ಬಿಲ್ಲಿನಲ್ಲಿ ‘ಬುಟ್ಟಿ’ ಎಂದಷ್ಟೇ ಬರೆಯದೆ, ಮೈ ಯಾವುದರದು, ಅಂಚು ಯಾವುದರದು ಎಂಬುದನ್ನೂ ಕಾಣಿಸತಕ್ಕದ್ದು.