ಫಲಿತಾಂಶಕ್ಕಾಗಿ ಕಾಯುವ ಹೊತ್ತು

2018ರ ಮೇ ತಿಂಗಳಿನಲ್ಲಿ ಕಲ್ಲಿಕೋಟೆಯ ಸೀಮೆಯಲ್ಲಿ ಕಾರಣ ತಿಳಿಯದ ಜ್ವರ ಕಾಣಿಸಿಕೊಂಡಾಗ, ರೋಗಿಯ ಮಾದರಿಗಳು ಪರೀಕ್ಷೆಗಾಗಿ ನಮ್ಮ ಕಾಸರಗೋಡಿನಾಚೆಯ ಮಣಿಪಾಲಕ್ಕೆ ಹೋದವು. ನಿಪಾ ವೈರಾಣುವಿನ ಸುಳಿವು ದೊರೆತದ್ದು ಅಲ್ಲಿ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದನ್ನು ದೃಢಪಡಿಸಿತು. ಅಷ್ಟರೊಳಗೆ ಮೊದಲ ರೋಗಿಯಿಂದ ಆಸ್ಪತ್ರೆಯಲ್ಲಿದ್ದ ಹಲವರಿಗೆ ಸೋಂಕು ತಗಲಿತ್ತು. ಪರೀಕ್ಷೆಯು ಏಕೆ ಶೀಘ್ರವಾಗಬೇಕೆಂಬ ಪ್ರಶ್ನೆಗೆ ಬೇರೆ ಉತ್ತರ ಬೇಕಿಲ್ಲ.

ಪಿಸಿಆರ್ ಪರೀಕ್ಷೆಯ ಗುಟ್ಟು ಮಕ್ಕಳ ಗಣಿತಪಾಠದಲ್ಲಿಯೇ ಇದೆ. ವೈರಾಣುವಿನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಮಾರ್ಪಡಿಸಿ, ಪ್ರತಿ ಸುತ್ತಿನಲ್ಲಿಯೂ ಇಮ್ಮಡಿಗೊಳಿಸುತ್ತಾರೆ: 2, 4, 8, 16. ಮೂವತ್ತನೆಯ ಸುತ್ತಿಗೆ ಒಂದು ತುಣುಕು ನೂರು ಕೋಟಿಯನ್ನು ಮೀರುತ್ತದೆ. ಆದರೆ ಸುತ್ತು ಸುತ್ತಿಗೂ ಕಾಯಿಸಿ ತಣಿಸಬೇಕು. ಸುಮಾರು 65 ಡಿಗ್ರಿ ಸೆಲ್ಸಿಯಸ್‌ನ ಒಂದೇ ಉಷ್ಣತೆಯಲ್ಲಿ ನಡೆಯುವ ‘ಲ್ಯಾಂಪ್’ ವಿಧಾನವು ಆ ಹೊತ್ತನ್ನು ಉಳಿಸುತ್ತದೆ. ದಾರಿಯ ಹೊತ್ತನ್ನು ಉಳಿಸಲು 2023ರಲ್ಲಿ ಸಂಚಾರಿ ಪ್ರಯೋಗಾಲಯವೇ ಕಲ್ಲಿಕೋಟೆಗೆ ಬಂದಿತು.

ವೇಗದೊಡನೆ ನಿಖರತೆಯೂ ಬೇಕು. ದೇಹದಲ್ಲಿ ವೈರಾಣು ವಿರಳವಾಗಿರುವ ಆರಂಭದ ದಿನಗಳಲ್ಲಿ ಪರೀಕ್ಷೆಯು ‘ಇಲ್ಲ’ ಎನ್ನಬಹುದು. ಆದುದರಿಂದ ವೈದ್ಯರು ಮತ್ತೊಮ್ಮೆ ಮಾದರಿ ಕೇಳಿದರೆ ಹೆತ್ತವರು ಬೇಸರಪಡಬಾರದು. ಆ ಎರಡನೆಯ ಪರೀಕ್ಷೆಯು ಮಗುವಿನೊಡನೆ ಮನೆಯವರನ್ನೂ ನೆರೆಯವರನ್ನೂ ಕಾಯುತ್ತದೆ.