ಎದೆಹಾಲು ಮತ್ತು ಮಿದುಳಿನ ಲೆಕ್ಕ

ಬಾಣಂತನಕ್ಕೆಂದು ಊರಿನಿಂದ ಪುಣೆಗೋ ಮುಂಬೈಗೋ ಬರುವ ಅಮ್ಮಂದಿರು ಅಂಟಿನುಂಡೆಯ ಡಬ್ಬಿಯ ಜೊತೆ ಒಂದು ಮಾತನ್ನೂ ತರುತ್ತಾರೆ: "ಕೂಸು ಮೊಲೆ ಕುಡಿಯೋ ತನಕ ಇನ್ನೊಂದು ನಿಲ್ಲೋದಿಲ್ಲ, ಚಿಂತೆ ಬೇಡ." ಈ ಮಾತನ್ನು ನಂಬಿ, ಮೊದಲ ಮಗುವಿಗೆ ವರ್ಷ ತುಂಬುವ ಮುನ್ನವೇ ಮತ್ತೆ ಬಸುರಾದವರು ನನ್ನ ಪರಿಚಯದಲ್ಲೇ ಇಬ್ಬರಿದ್ದಾರೆ. ಹಾಗಾದರೆ ಅಮ್ಮಂದಿರು ಹೇಳುವುದು ಸುಳ್ಳೇ? ನಾನು ಡಾಕ್ಟರಲ್ಲ, ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವಳು. ನನಗೆ ತಿಳಿದ ಮಟ್ಟಿಗೆ ಆ ಮಾತು ನಿಜವೇ; ಆದರೆ ಅದಕ್ಕಿರುವ ಷರತ್ತುಗಳು ಮಾತಿನಿಂದ ಉದುರಿಹೋಗಿವೆ.

ಹೆಣ್ಣಿನ ತಿಂಗಳ ಚಕ್ರ ಶುರುವಾಗುವುದು ಅಂಡಾಶಯದಲ್ಲಲ್ಲ, ಮಿದುಳಿನಲ್ಲಿ. ಮಿದುಳಿನ ತಳದಲ್ಲಿ ಹೈಪೋಥಲಾಮಸ್ ಎಂಬ ಚಿಕ್ಕ ಭಾಗವಿದೆ. ಅದು ಗಂಟೆಗೊಮ್ಮೆಯೋ ಒಂದೂವರೆ ಗಂಟೆಗೊಮ್ಮೆಯೋ ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಸ್ವಲ್ಪ ಸ್ವಲ್ಪವೇ, ನಾಡಿ ಮಿಡಿದಂತೆ ಬಿಡುತ್ತದೆ. ಈ ಮಿಡಿತಕ್ಕೆ ಪಿಟ್ಯುಟರಿ ಗ್ರಂಥಿ ಓಗೊಟ್ಟು ಎಲ್‌ಎಚ್ ಹಾರ್ಮೋನು ಕಳಿಸಿದರೆ ಮಾತ್ರ ಅಂಡ ಬಲಿತು ಹೊರಬರುತ್ತದೆ. ಮಿಡಿತ ನಿಧಾನವಾದರೆ ಅಂಡವಿಲ್ಲ, ಮುಟ್ಟೂ ಇಲ್ಲ.

ಮಿಡಿತದ ತಾಳ ಹಾಕುವುದು ಕಿಸ್‌ಪೆಪ್ಟಿನ್ ಎಂಬ ವಸ್ತುವನ್ನು ತಯಾರಿಸುವ ನರಕೋಶಗಳು. ಇದರ ವಂಶವಾಹಿ 1996ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಹರ್ಷಿ ಎಂಬ ಊರಿನಲ್ಲಿ, ಕ್ಯಾನ್ಸರ್ ಸಂಶೋಧನೆಯ ನಡುವೆ ಸಿಕ್ಕಿತು. ಆ ಊರಿನ 'ಕಿಸಸ್' ಚಾಕೊಲೇಟಿನಿಂದಲೇ ಅದಕ್ಕೆ ಈ ಹೆಸರು. ಹರೆಯ ಬರಲು ಇದರ ಸಂಕೇತ ಬೇಕೇಬೇಕು ಎಂದು ಗೊತ್ತಾದದ್ದು 2003ರಲ್ಲಿ.

ಕೂಸು ಮೊಲೆ ಚೀಪಿದಾಗ ಮೊಲೆತೊಟ್ಟಿನ ನರಗಳು ಬೆನ್ನುಹುರಿಯ ಮೂಲಕ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಹಾಲು ತಯಾರಿಸುವ ಪ್ರೊಲಾಕ್ಟಿನ್ ಏರುತ್ತದೆ, ಹಾಲು ಇಳಿಸುವ ಆಕ್ಸಿಟೋಸಿನ್ ಹರಿಯುತ್ತದೆ. ಅದೇ ಹೊತ್ತಿಗೆ ಕಿಸ್‌ಪೆಪ್ಟಿನ್ ಕೋಶಗಳು ಸುಮ್ಮನಾಗುತ್ತವೆ. ಹಾಲೂಡುವ ಇಲಿಗಳಲ್ಲಿ ಇದನ್ನು ನೋಡಿದ್ದಾರೆ. ಮರಿಗಳನ್ನು ದೂರ ಮಾಡಿದರೆ ಕೆಲವೇ ದಿನಗಳಲ್ಲಿ ಮಿಡಿತ ಮರಳುತ್ತದೆ. ಹಾಲಿಗೆ ಖರ್ಚಾಗುವ ಶಕ್ತಿಯೂ ಇದರಲ್ಲಿ ಒಂದು ಕಾರಣ. ಒಂದು ಕೂಸನ್ನು ಸಾಕುತ್ತಿರುವ ಮೈಗೆ ಇನ್ನೊಂದರ ಭಾರ ಈಗ ಬೇಡ ಎಂಬುದು ಮಿದುಳಿನ ಲೆಕ್ಕ.

ಇಲ್ಲಿ ಮುಖ್ಯವಾದದ್ದು ಹಾಲಿನ ಪ್ರಮಾಣಕ್ಕಿಂತ ಚೀಪುವಿಕೆ, ಅದೂ ಎಷ್ಟು ಸಲ ಎನ್ನುವುದು. ಕಲಹರಿ ಮರುಭೂಮಿಯ ಕುಂಗ್ ಜನರ ಕುರಿತು 1980ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅಲ್ಲಿನ ತಾಯಂದಿರು ಹಗಲಿನಲ್ಲಿ ಸುಮಾರು 13 ನಿಮಿಷಕ್ಕೊಮ್ಮೆ, ಒಂದೆರಡು ನಿಮಿಷ ಮಾತ್ರ, ಮಗುವಿಗೆ ಮೊಲೆ ಕೊಡುತ್ತಿದ್ದರು. ರಾತ್ರಿಯೂ ಮಗು ಪಕ್ಕದಲ್ಲೇ. ಯಾವ ಗರ್ಭನಿರೋಧಕವೂ ಇಲ್ಲದೆ ಅವರ ಮಕ್ಕಳ ನಡುವೆ ನಾಲ್ಕು ವರ್ಷದ ಹತ್ತಿರದ ಅಂತರವಿತ್ತು. ಸೊಂಟದಲ್ಲಿ ಕೂಸು, ಅತ್ತಾಗಲೆಲ್ಲ ಹಾಲು, ರಾತ್ರಿ ಮಗ್ಗುಲಲ್ಲೇ ಮಲಗಿಸುವುದು ನಮ್ಮ ಅಜ್ಜಿಯರ ಕಾಲದ ರೂಢಿಯೂ ಹೌದು. ಅಮ್ಮಂದಿರ ಮಾತು ಹುಟ್ಟಿದ್ದು ಅಂಥ ಬದುಕಿನಲ್ಲಿ.

ನಮ್ಮ ಬದುಕು ಬೇರೆ. 1988ರಲ್ಲಿ ಇಟಲಿಯ ಬೆಲ್ಲಾಜಿಯೋದಲ್ಲಿ ಸೇರಿದ ತಜ್ಞರು ಮೂರು ಷರತ್ತು ಹೇಳಿದರು. ಮಗುವಿಗೆ ಆರು ತಿಂಗಳು ತುಂಬಿರಬಾರದು. ಮುಟ್ಟು ಮರಳಿರಬಾರದು. ಮಗು ಪೂರ್ತಿಯಾಗಿ, ಅಥವಾ ಹೆಚ್ಚುಕಡಿಮೆ ಪೂರ್ತಿಯಾಗಿ, ಎದೆಹಾಲನ್ನೇ ಕುಡಿಯುತ್ತಿರಬೇಕು. ಮೂರೂ ಇದ್ದರೆ ಶೇಕಡಾ 98ರಷ್ಟು ರಕ್ಷಣೆ. ಒಂದು ತಪ್ಪಿದರೂ ಬೇರೆ ದಾರಿ ನೋಡಿಕೊಳ್ಳಬೇಕು. ಹಗಲು ನಾಲ್ಕು ಗಂಟೆ, ರಾತ್ರಿ ಆರು ಗಂಟೆಗಿಂತ ಹೆಚ್ಚು ಬಿಡುವು ಕೊಡಬಾರದು ಎಂದೂ ವೈದ್ಯರು ಹೇಳುತ್ತಾರೆ.

ಈಗ ನಮ್ಮ ಹೆಣ್ಣುಮಕ್ಕಳ ದಿನಚರಿ ನೋಡಿ. 2017ರ ತಿದ್ದುಪಡಿಯ ಪ್ರಕಾರ ಮೊದಲೆರಡು ಹೆರಿಗೆಗೆ 26 ವಾರ ರಜೆ. ಅದರಲ್ಲಿ 8 ವಾರ ಹೆರಿಗೆಗೆ ಮುಂಚೆಯೇ ತೆಗೆದುಕೊಂಡರೆ ಆಮೇಲೆ ಉಳಿಯುವುದು 18 ವಾರ. ನಾಲ್ಕು ತಿಂಗಳ ಕೂಸನ್ನು ಬಿಟ್ಟು ಲೋಕಲ್ ರೈಲು ಹತ್ತಿದವಳು ಮತ್ತೆ ಮೊಲೆ ಕೊಡುವುದು ಹತ್ತು ಗಂಟೆ ಕಳೆದ ಮೇಲೆ. ಪಂಪಿನಲ್ಲಿ ಹಾಲು ತೆಗೆದಿಟ್ಟರೆ ಮಗುವಿನ ಹೊಟ್ಟೆ ತುಂಬುತ್ತದೆ, ಅದು ಒಳ್ಳೆಯದೇ. ಆದರೆ ಮಗು ಚೀಪಿದಷ್ಟು ಭರವಸೆಯನ್ನು ಪಂಪಿನ ಮೇಲೆ ಇಡಲಾಗದು. 50 ಅಥವಾ ಹೆಚ್ಚು ಜನರಿರುವ ಕಚೇರಿಗೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಬಹುದು ಎಂದೂ ಕಾನೂನಿದೆ. ಕೇಳಿ ಪಡೆಯಿರಿ.

ಇನ್ನೊಂದು ಮಾತು. "ಮುಟ್ಟು ಬಂದ ಮೇಲೆ ನೋಡಿಕೊಂಡರಾಯಿತು" ಎನ್ನುವವರಿದ್ದಾರೆ. ಅಂಡ ಬಿಡುಗಡೆಯಾಗುವುದು ಮುಟ್ಟಿಗೆ ಸುಮಾರು ಎರಡು ವಾರ ಮೊದಲು. ಹಾಗಾಗಿ ಮುಟ್ಟೇ ಕಾಣದೆ ಬಸುರಾಗುವುದು ಸಾಧ್ಯ. ಎರಡು ಬಸಿರುಗಳ ನಡುವೆ ಮೈ ಚೇತರಿಸಿಕೊಳ್ಳಲು, ಹೆರಿಗೆಯಾಗಿ ಕನಿಷ್ಠ 24 ತಿಂಗಳು ಬಿಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹಾಲೂಡುವವರಿಗೂ ಹೊಂದುವ ದಾರಿಗಳಿವೆ: ನಿರೋಧ್, ಕಾಪರ್-ಟಿ, ಲಕ್ನೋದ ಸರ್ಕಾರಿ ಪ್ರಯೋಗಾಲಯದಲ್ಲಿ ತಯಾರಾದ, ಹಾರ್ಮೋನಿಲ್ಲದ ಛಾಯಾ ಮಾತ್ರೆ. ಕೆಲಸಕ್ಕೆ ಮರಳುವ ದಿನ ಗೊತ್ತಾದ ಕೂಡಲೇ ಗಂಡ ಹೆಂಡತಿ ಇಬ್ಬರೂ ಡಾಕ್ಟರ ಬಳಿ ಹೋಗಿ ಯಾವುದು ಸರಿ ಎಂದು ಕೇಳಿ. ಅಮ್ಮ ಜೊತೆಗಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ತಮ್ಮ ಮಾತಿನಲ್ಲಿ ಎಷ್ಟು ಸತ್ಯವಿತ್ತೆಂದು ಕೇಳಿ ಅವರಿಗೂ ಸಂತೋಷವಾದೀತು.