ಕಂಪ್ಯೂಟರ್ ಕೆಟ್ಟಿಲ್ಲ, ತಂತ್ರಾಂಶ ತೂಕ ಏರಿಸಿಕೊಂಡಿದೆ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಇನ್ನೊಂದು ವರ್ಷ ಭದ್ರತಾ ಪರಿಷ್ಕರಣೆ ಸಿಗುತ್ತದೆ, ಅಷ್ಟೇ. ಮುಂದಿನ ವಿಂಡೋಸ್ 11 ಎಲ್ಲ ಯಂತ್ರಗಳಿಗೂ ಹತ್ತುವುದಿಲ್ಲ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ, ಎಂದರೆ 2017ರ ಕೊನೆಯಿಂದೀಚಿನ ಪ್ರೊಸೆಸರ್ ಇರಬೇಕು. ಈ ಒಂದು ನಿರ್ಧಾರದಿಂದ ಜಗತ್ತಿನಲ್ಲಿ ಸುಮಾರು 24 ಕೋಟಿ ಕಂಪ್ಯೂಟರ್‌ಗಳು ಗುಜರಿ ಸೇರಬಹುದೆಂದು ಮಾರುಕಟ್ಟೆ ಅಧ್ಯಯನ ಸಂಸ್ಥೆ ಕೆನಾಲಿಸ್ 2023ರಲ್ಲೇ ಅಂದಾಜು ಮಾಡಿತ್ತು. ಅವುಗಳ ಸರ್ಕಿಟ್ ಸುಟ್ಟಿಲ್ಲ, ಪರದೆ ಒಡೆದಿಲ್ಲ. ಅವುಗಳ ಮೇಲೆ ಓಡುವ ತಂತ್ರಾಂಶ ಕೈಬಿಟ್ಟಿದೆ.

ಇದು ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಗೆ ದೂರದ ಸುದ್ದಿಯಲ್ಲ. ಜಾತಿ, ಆದಾಯ ಪ್ರಮಾಣಪತ್ರ ಬರೆಯುವ ನಾಡಕಚೇರಿ, ಪಟ್ಟಣ ಪಂಚಾಯಿತಿ, ಶಾಲೆಯ ಕಂಪ್ಯೂಟರ್ ಕೊಠಡಿ, ಜಾತ್ರೆಯ ಕರಪತ್ರದಿಂದ ಲಗ್ನಪತ್ರಿಕೆವರೆಗೆ ಎಲ್ಲವನ್ನೂ ಕೂರಿಸುವ ಡಿಟಿಪಿ ಅಂಗಡಿ: ಇಂಥ ಊರುಗಳಲ್ಲಿ ದಿನದ ಕೆಲಸ ನಡೆಯುವುದೇ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ. ಹೊಸದನ್ನು ಕೊಳ್ಳುವುದೆಂದರೆ ಅಂಗಡಿಯವನಿಗೆ ಒಂದೆರಡು ತಿಂಗಳ ದುಡಿಮೆ, ಶಾಲೆಗೆ ವರ್ಷಗಟ್ಟಲೆ ಅನುದಾನದ ಕಾಯುವಿಕೆ.

ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸ್ಥಳ ಎಂದು ಮಕ್ಕಳು ಭೂಗೋಳದಲ್ಲಿ ಓದುವುದು ಇದೇ ನಾಯಕನಹಟ್ಟಿಯ ಹೆಸರನ್ನು. ಗುರು ತಿಪ್ಪೇರುದ್ರಸ್ವಾಮಿಯನ್ನು ಕೆರೆ ಕಟ್ಟಿಸಿದವರೆಂದು ಇಂದಿಗೂ ನೆನೆಯುವ ಊರಿಗೆ ನೀರಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಕಂಪ್ಯೂಟರ್ ಚಿಪ್ ತಯಾರಾಗಲು ಅತಿ ಶುದ್ಧ ನೀರು ಹೇರಳವಾಗಿ ಬೇಕು. ಅದಿರು, ವಿದ್ಯುತ್ತು, ರಾಸಾಯನಿಕಗಳು ಬೇರೆ. ಲ್ಯಾಪ್‌ಟಾಪ್ ತಯಾರಕರೇ ಪ್ರಕಟಿಸುವ ಲೆಕ್ಕಗಳಲ್ಲಿ ಎಷ್ಟೋ ಮಾದರಿಗಳ ಇಂಗಾಲದ ಹೊರೆ 200ರಿಂದ 300 ಕಿಲೋ ಇರುತ್ತದೆ. ಅದರಲ್ಲಿ ದೊಡ್ಡ ಪಾಲು, ಬಳಸುವವರು ಮೊದಲ ಸಲ ಗುಂಡಿ ಒತ್ತುವ ಮೊದಲೇ, ಕಾರ್ಖಾನೆಯಲ್ಲೇ ಆಗಿಹೋಗಿರುತ್ತದೆ. ಹಾಗಾಗಿ ಐದು ವರ್ಷಕ್ಕೆ ಬಿಸಾಡುವ ಯಂತ್ರವನ್ನು ಹತ್ತು ವರ್ಷ ಓಡಿಸಿದರೆ ಉಳಿಯುವುದು ಕರೆಂಟ್ ಬಿಲ್ಲಿನ ಉಳಿತಾಯಕ್ಕಿಂತ ಎಷ್ಟೋ ಹೆಚ್ಚು. ಪರಿಸರದ ಮಾತು ಬಂದಾಗ ಪ್ಲಾಸ್ಟಿಕ್ ಚೀಲ, ಡೀಸೆಲ್ ಲಾರಿ ನೆನಪಾಗುತ್ತವೆ. ತಂತ್ರಾಂಶ ಬರೆಯುವವರ ಹೊಣೆ ಯಾರಿಗೂ ನೆನಪಾಗುವುದಿಲ್ಲ. ಆಗಬೇಕು.

ಕೆಲವು ಕಡೆ ಆ ಹೊಣೆಯನ್ನು ಹೊತ್ತುಕೊಂಡವರಿದ್ದಾರೆ. ಜರ್ಮನಿಯಲ್ಲಿ 1978ರಿಂದ ಪರಿಸರಸ್ನೇಹಿ ವಸ್ತುಗಳಿಗೆ ಕೊಡುವ 'ಬ್ಲೂ ಏಂಜೆಲ್' ಮುದ್ರೆಯನ್ನು 2020ರಲ್ಲಿ ಡೆಸ್ಕ್‌ಟಾಪ್ ತಂತ್ರಾಂಶಕ್ಕೂ ವಿಸ್ತರಿಸಿದರು. ಷರತ್ತುಗಳು ನೇರವಾಗಿವೆ. ನಿತ್ಯದ ಕೆಲಸಕ್ಕೆ ಎಷ್ಟು ವಿದ್ಯುತ್ ಹಿಡಿಯುತ್ತದೆಂದು ಅಳೆದು ಬಹಿರಂಗ ಮಾಡಬೇಕು. ಕನಿಷ್ಠ ಐದು ವರ್ಷ ಹಳೆಯ ಯಂತ್ರದಲ್ಲೂ ಓಡಬೇಕು. ಬೇಡವಾದಾಗ ಪೂರ್ತಿ ತೆಗೆದುಹಾಕಲು ಬರಬೇಕು. 2022ರಲ್ಲಿ ಈ ಮುದ್ರೆ ಪಡೆದ ಮೊದಲ ತಂತ್ರಾಂಶ 'ಆಕ್ಯುಲರ್', ಪಿಡಿಎಫ್ ಓದಲು ಕೆಡಿಇ ಎಂಬ ಮುಕ್ತ ತಂತ್ರಾಂಶ ಸಮುದಾಯದ ಸ್ವಯಂಸೇವಕರು ಕಟ್ಟಿರುವ ಉಚಿತ ಸಲಕರಣೆ. ಈ ಸಮುದಾಯ ಕನ್ನಡನಾಡಿಗೆ ಹೊಸತಲ್ಲ: 2011ರ ಮಾರ್ಚ್‌ನಲ್ಲಿ ಅದರ ಭಾರತೀಯ ಸಮ್ಮೇಳನ ನಡೆದದ್ದು ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ.

ಅಳೆದು ನೋಡುವುದರಿಂದ ಏನು ಸಿಗುತ್ತದೆ? ಮುದ್ರೆಗೆ ಮುನ್ನ ಜರ್ಮನಿಯ ಪರಿಸರ ಇಲಾಖೆ ಮಾಡಿಸಿದ ಅಧ್ಯಯನದಲ್ಲಿ, ಒಂದೇ ಕೆಲಸಕ್ಕೆ ಒಂದು ಪದಸಂಸ್ಕರಣ ತಂತ್ರಾಂಶ ಇನ್ನೊಂದಕ್ಕಿಂತ ನಾಲ್ಕು ಪಟ್ಟು ವಿದ್ಯುತ್ ಹಿಡಿದದ್ದು ಕಂಡಿತು. ಫೈರ್‌ಫಾಕ್ಸ್‌ನ ಕಥೆ ಇನ್ನೂ ಕಣ್ಣು ತೆರೆಸುವಂಥದ್ದು. ಆ ಬ್ರೌಸರ್ ತೆರೆದಾಗಲೆಲ್ಲ ವಿಂಡೋಸ್‌ನ ವೈರಸ್ ತಡೆ ತಂತ್ರಾಂಶ ಡಿಫೆಂಡರ್ ಅನಗತ್ಯವಾಗಿ ಪ್ರೊಸೆಸರನ್ನು ದುಡಿಸುತ್ತಿದೆ ಎಂಬ ದೂರು 2018ರಲ್ಲೇ ದಾಖಲಾಗಿತ್ತು. ಅದು ಸರಿಹೋದದ್ದು 2023ರಲ್ಲಿ. ಸರಿಪಡಿಸಿದ ಮೇಲೆ ಫೈರ್‌ಫಾಕ್ಸ್ ಓಡುವಾಗ ಡಿಫೆಂಡರ್‌ನ ಪ್ರೊಸೆಸರ್ ಬಳಕೆ ಸುಮಾರು ಮುಕ್ಕಾಲು ಪಾಲು ಇಳಿಯಿತು. ಐದು ವರ್ಷ ಎಷ್ಟು ಮೇಜುಗಳ ಮೇಲೆ ಫ್ಯಾನ್ ಸುಮ್ಮನೆ ತಿರುಗಿತೋ! 'ಕಂಪ್ಯೂಟರ್ ಸ್ಲೋ ಆಗಿದೆ, ಹೊಸದು ತಗೋಬೇಕು' ಎಂದವರಲ್ಲಿ ಎಷ್ಟೋ ಜನ ಇಂಥ ತಪ್ಪಿಗೆ ದಂಡ ತೆತ್ತಿರಬಹುದು.

ಕನ್ನಡದ ತೊಡಕು ಬೇರೆಯೇ ಇದೆ. ನಮ್ಮ ಎಷ್ಟೋ ಡಿಟಿಪಿ ಅಂಗಡಿಯವರು ಪುಟ ಕೂರಿಸುವ ಪೇಜ್‌ಮೇಕರ್ ತಂತ್ರಾಂಶವನ್ನು ಬಿಟ್ಟಿಲ್ಲ. ಅದರ ಕೊನೆಯ 7ನೇ ಆವೃತ್ತಿ ಬಂದದ್ದು 2001ರಲ್ಲಿ. 'ನುಡಿ', 'ಬರಹ' ಎಂಬ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಕೂರಿಸಿದ ಕಡತಗಳು ಯುನಿಕೋಡ್‌ಗೆ ಸಲೀಸಾಗಿ ಬರುವುದಿಲ್ಲ. ಹೀಗಾಗಿ ಹಳೆಯ ಯಂತ್ರ, ಹಳೆಯ ವಿಂಡೋಸ್ ಎರಡನ್ನೂ ಒಟ್ಟಿಗೇ ಜೋಪಾನ ಮಾಡಬೇಕಾಗಿದೆ. ಇದನ್ನು ಹಿಂದುಳಿದಿರುವಿಕೆ ಎನ್ನುವುದು ಅನ್ಯಾಯ. ಸಣ್ಣ ಊರಿನ ಈ ಮಿತವ್ಯಯಕ್ಕೆ ತಂತ್ರಾಂಶದ ಬೆಂಬಲ ಸಿಗಬೇಕಿತ್ತು, ಸಿಗಲಿಲ್ಲ. ಆದರೂ ದಾರಿಯಿದೆ: 'ನುಡಿ'ಯ ಕೀಲಿಮಣೆ ವಿನ್ಯಾಸ ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್‌ನಲ್ಲಿ ಬಹಳ ಹಿಂದೆಯೇ ಬಂದಿದೆ. ವಿಂಡೋಸ್ 11 ಬೇಡವೆಂದ ಯಂತ್ರದಲ್ಲೂ ಹಗುರ ಲಿನಕ್ಸ್ ಹಾಕಿ ಕನ್ನಡ ಟೈಪ್ ಮಾಡಬಹುದು. ಗಡಿಯಾಚೆ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಕೇರಳ ಸರ್ಕಾರದ ಯೋಜನೆಯಡಿ ವರ್ಷಗಳಿಂದ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಪಾಠ ಕಲಿಯುತ್ತಿದ್ದಾರೆ. ಅಲ್ಲಿ ಆಗಿರುವುದು ಚಳ್ಳಕೆರೆ, ಮೊಳಕಾಲ್ಮುರಿನ ಶಾಲೆಗಳಲ್ಲಿ ಆಗದಿರಲು ಕಾರಣವೇ ಇಲ್ಲ.

ಗುಜರಿಗೆ ಹೋದದ್ದೆಲ್ಲ ಮರುಬಳಕೆ ಆಗುತ್ತದಲ್ಲ ಎನ್ನುವವರಿದ್ದಾರೆ. ದಾಬಸ್‌ಪೇಟೆಯ ಇ-ಪರಿಸರದಂಥ ಅಧಿಕೃತ ಘಟಕಗಳು ಒಳ್ಳೆಯ ಕೆಲಸವನ್ನೇ ಮಾಡುತ್ತಿವೆ. 2023ರ ಏಪ್ರಿಲ್‌ನಿಂದ ಹೊಸ ಇ-ತ್ಯಾಜ್ಯ ನಿಯಮಗಳೂ ಜಾರಿಯಲ್ಲಿವೆ. ಆದರೆ ಅಲ್ಲಿ ಮರಳಿ ಸಿಗುವುದು ತಾಮ್ರ, ಚಿನ್ನದಂಥ ಲೋಹಗಳು. ಚಿಪ್ ತೊಳೆದ ನೀರು, ಕುಲುಮೆಗೆ ಉರಿದ ವಿದ್ಯುತ್ತು ಮರಳುವುದಿಲ್ಲ.

ಸರ್ಕಾರಿ ಟೆಂಡರುಗಳಲ್ಲಿ ಕಂಪ್ಯೂಟರಿನ ರ್‍ಯಾಮ್ ಎಷ್ಟು, ಹಾರ್ಡ್ ಡಿಸ್ಕ್ ಎಷ್ಟು ಎಂಬುದು ಬಿಡಿಬಿಡಿಯಾಗಿ ಇರುತ್ತದೆ. ಅದೇ ಕಡತಕ್ಕೆ ಇನ್ನೊಂದು ಸಾಲು ಸೇರಬೇಕು: ಇಲಾಖೆಗೆ ಬರೆದುಕೊಡುವ ತಂತ್ರಾಂಶ ಹತ್ತು ವರ್ಷ ಹಳೆಯ ಯಂತ್ರದಲ್ಲಿ, ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ, ಓಡಿ ತೋರಿಸಬೇಕು. ಪರೀಕ್ಷಿಸಲು ದೊಡ್ಡ ಪ್ರಯೋಗಾಲಯ ಬೇಡ. ಪ್ಲಗ್ಗಿಗೆ ಸಿಕ್ಕಿಸುವ ವಿದ್ಯುತ್ ಮಾಪಕ, ಬಳಕೆದಾರರು ಒತ್ತುವ ಗುಂಡಿಗಳನ್ನು ತಾನೇ ಒತ್ತುವ ಪುಟ್ಟ ಪ್ರೋಗ್ರಾಂ, ಒಂದು ಹಳೆಯ ಕಂಪ್ಯೂಟರ್. ಕೆಡಿಇಯವರು ಅಳೆದದ್ದೂ ಹೀಗೆಯೇ.

ಇಂಥ ಅಳತೆ ಕಲಿಸಲು ತಕ್ಕ ಜಾಗ ನಾಯಕನಹಟ್ಟಿಯ ಪಕ್ಕದಲ್ಲೇ ಇದೆ. ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಕೊಡಲಾಗಿದೆ.  ಆ ಆವರಣದಲ್ಲಿ ಶಾಲಾ ಶಿಕ್ಷಕರಿಗೆ ವಿಜ್ಞಾನ ತರಬೇತಿ ಕೊಡುವ ಕೇಂದ್ರವಿದೆ. ತರಬೇತಿಗೆ ಬರುವ ಶಿಕ್ಷಕರ ಕೈಗೆ ಆ ವಿದ್ಯುತ್ ಮಾಪಕ ಕೊಟ್ಟು, ಅವರವರ ಶಾಲೆಯಲ್ಲಿ ಮೂಲೆ ಸೇರಿದ ಯಂತ್ರಗಳನ್ನೇ ತರಿಸಿ ಅಳೆಯಲು ಕಲಿಸಿದರೆ, ವಿಂಡೋಸ್ 10ರ ಹೆಚ್ಚುವರಿ ವರ್ಷ ಮುಗಿಯುವ 2026ರ ಅಕ್ಟೋಬರ್ ಒಳಗೆ ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕಿನ ಶಾಲೆಗಳಲ್ಲಿ ಯಾವ ಕಂಪ್ಯೂಟರ್ ಇನ್ನೂ ಉಳಿಯುತ್ತದೆ, ಯಾವುದು ನಿಜಕ್ಕೂ ಕೆಟ್ಟಿದೆ ಎಂಬ ಪಟ್ಟಿ ಜಿಲ್ಲಾಡಳಿತದ ಮುಂದಿರುತ್ತದೆ.